ಹೊಳೆಯ ಕಡೆಯಿಂದ ನೋಡಿದ ಫ್ಲಾರೆನ್ಸ್ ಸೇತುವೆಗಳು

(ಕಾಸರಗೋಡಿನಲ್ಲಿ ಕನ್ನಡ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಇಟಲಿಯ ಸೇತುವೆಗಳ ಬಗ್ಗೆ ಕಾಸರಗೋಡಿನಲ್ಲಿ ಯಾಕಪ್ಪಾ ಮಾತು ಅಂತ ಕೆಲವರು ಬಾಗಿಲಲ್ಲೇ ಕೇಳಿದರು. ಮಳೆಗಾಲದ ಹೊಳೆ ಕಂಡವರಿಗೆ ಫ್ಲಾರೆನ್ಸಿನ ಕಥೆ ಬೇಗ ತಲೆಗೆ ಹೋಗುತ್ತದೆ, ಅದಕ್ಕೆ. ಆಟಿ ತಿಂಗಳಲ್ಲಿ ಅಡಿಕೆ ಮರದ ಸಂಕ ಹೇಗೆ ಕೊಚ್ಚಿಹೋಗುತ್ತದೆ ಅಂತ ಇಲ್ಲಿರುವ ಹಿರಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬರೀ ನೀರು ಏರಿದ್ದಕ್ಕೆ ಸಂಕ ಹೋಗುವುದು ಕಡಿಮೆ. ಮೇಲಿನಿಂದ ಒಂದು ಮರ ತೇಲಿ ಬಂದು ಅಡ್ಡ ಸಿಕ್ಕುತ್ತದೆ. ಅದಕ್ಕೆ ಬಿದಿರು, ಮಡಲು, ಕಸಕಡ್ಡಿ ಎಲ್ಲ ಸೇರುತ್ತದೆ. ಹಿಂದೆ ನೀರು ಕಟ್ಟಿ ನಿಲ್ಲುತ್ತದೆ. ಆಮೇಲೆ ಒಂದೇ ಸಲ ಎಲ್ಲ ಹೋಗುತ್ತದೆ. ಕಲ್ಲಿನ ದೊಡ್ಡ ಸೇತುವೆಯ ಶತ್ರುವೂ ಇದೇ.

ಫ್ಲಾರೆನ್ಸಿಗೆ ಹೋದವರೆಲ್ಲ ಸೇತುವೆಯನ್ನು ಮೇಲಿನಿಂದ ನೋಡುತ್ತಾರೆ. ಚಿನ್ನದಂಗಡಿ ನೋಡುತ್ತಾರೆ, ಸೆಲ್ಫಿ ತೆಗೆಯುತ್ತಾರೆ, ಹೊರಡುತ್ತಾರೆ. ಇವತ್ತು ನಾವು ಕೆಳಗಿನಿಂದ, ಹೊಳೆಯ ಕಡೆಯಿಂದ ನೋಡೋಣ. ನನ್ನ ಪ್ರಕಾರ ಸೇತುವೆಯ ನಿಜವಾದ ಚರಿತ್ರೆ ಇರುವುದು ಅಲ್ಲಿ.

ಹೊಳೆಯ ಹೆಸರು ಆರ್ನೋ. ಫಾಲ್ತೆರೋನಾ ಬೆಟ್ಟದಲ್ಲಿ ಹುಟ್ಟಿ, ಫ್ಲಾರೆನ್ಸ್ ದಾಟಿ, ಪೀಸಾದ ಹತ್ತಿರ ಸಮುದ್ರ ಸೇರುತ್ತದೆ. ಉದ್ದ 241 ಕಿಲೋಮೀಟರ್. ಕೊಡಗಿನ ಬೆಟ್ಟದಿಂದ ಸುಳ್ಯದ ದಾರಿಯಾಗಿ ಬರುವ ನಮ್ಮ ಪಯಸ್ವಿನಿ, ಅಂದರೆ ಚಂದ್ರಗಿರಿ ಹೊಳೆ, ಅದರ ಅರ್ಧಕ್ಕಿಂತಲೂ ಕಡಿಮೆ. ಆದರೆ ಗುಣ ಒಂದೇ ತರಹ. ಬೇಸಿಗೆಯಲ್ಲಿ ಇದೇನು ಮಹಾ ಹೊಳೆ ಅನ್ನಿಸುತ್ತದೆ. ಮಳೆ ಹಿಡಿದರೆ ಗುರುತೇ ಸಿಗುವುದಿಲ್ಲ. ಅಲ್ಲಿ ಮಳೆ ಜೋರಾಗುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ.

ಕ್ರಿಸ್ತಪೂರ್ವ 59ರಲ್ಲಿ ರೋಮನ್ನರು ಅಲ್ಲಿ ಊರು ಕಟ್ಟಿದರು. ಹೊಳೆ ಕಿರಿದಾದಲ್ಲಿ ಸೇತುವೆ ಹಾಕಿದರು. ಕಿರಿದಾದಲ್ಲಿ ದಾಟುವುದು ಸುಲಭ, ಅದಕ್ಕೆ. ಆದರೆ ಕಿರಿದಾದಲ್ಲೇ ನೀರಿನ ಸೆಳೆತವೂ ಜಾಸ್ತಿ ಅಲ್ವಾ? ಹೆಚ್ಚುಕಡಿಮೆ ಅದೇ ಜಾಗದಲ್ಲಿ ಈಗ ಪೋಂತೆ ವೆಕ್ಕಿಯೋ ಇದೆ. ಅಂದರೆ ಹಳೇ ಸೇತುವೆ. 1117ರ ನೆರೆಗೆ ಅಲ್ಲಿದ್ದ ಸೇತುವೆ ಹೋಯಿತು. ಮತ್ತೆ ಕಟ್ಟಿದರು. 1333ರ ನವೆಂಬರ್ 4ರ ನೆರೆಗೆ ಅದೂ ಹೋಯಿತು. ಅದರ ಜೊತೆ ಸಾಂತಾ ತ್ರಿನಿತಾ ಹೋಯಿತು, ಕರಾಯಿಯಾ ಸೇತುವೆಯೂ ಹೋಯಿತು. ಉಳಿದದ್ದು ಮೇಲುಭಾಗದ ಒಂದೇ ಒಂದು, ಆಗ ರುಬಕೋಂತೆ ಅಂತ ಕರೆಯುತ್ತಿದ್ದ ಸೇತುವೆ.

ಇಲ್ಲಿ ಸ್ವಲ್ಪ ನಿಲ್ಲೋಣ, ಮುಖ್ಯ ವಿಷಯ ಬಂತು. ರೋಮನ್ನರ ಕಮಾನು ಅರ್ಧ ವೃತ್ತ. ಮೂವತ್ತು ಮೀಟರ್ ಅಗಲದ ಅರ್ಧ ವೃತ್ತ ಮಾಡಿದರೆ ಎತ್ತರ ಹದಿನೈದು ಮೀಟರ್ ಆಗುತ್ತದೆ. ಆ ಸೇತುವೆ ಹತ್ತಲು ಎತ್ತಿನ ಗಾಡಿಗೆ ಆಗುವುದಿಲ್ಲ. ಹಾಗಾಗಿ ಸಣ್ಣ ಸಣ್ಣ ಕಮಾನು ಮಾಡಬೇಕು. ಸಣ್ಣ ಕಮಾನು ಅಂದರೆ ಹೊಳೆಯ ನಡುವೆ ತುಂಬ ಕಂಬ. ಕಂಬ ಜಾಸ್ತಿಯಾದಷ್ಟೂ ತೇಲಿ ಬಂದ ಮರ ಸಿಕ್ಕಿಕೊಳ್ಳುವ ಜಾಗ ಜಾಸ್ತಿ.

1345ರಲ್ಲಿ ಪೋಂತೆ ವೆಕ್ಕಿಯೋವನ್ನು ಮತ್ತೆ ಕಟ್ಟಿದವರು ಇಡೀ ವೃತ್ತದಿಂದ ಒಂದು ತುಂಡನ್ನು ಮಾತ್ರ ತೆಗೆದುಕೊಂಡರು. ಚಪ್ಪಟೆ ಕಮಾನು. ನಡುವಿನದು ಸುಮಾರು 30 ಮೀಟರ್ ಅಗಲ, ಎತ್ತರ ಐದು ಮೀಟರ್ ಕೂಡ ಇಲ್ಲ. ಇಡೀ ಹೊಳೆಗೆ ಮೂರೇ ಕಮಾನು, ನೀರಿನಲ್ಲಿ ಎರಡೇ ಕಂಬ. ಆದರೆ ಚಪ್ಪಟೆ ಕಮಾನು ತನ್ನ ಭಾರವನ್ನು ಕೆಳಕ್ಕೆ ಹಾಕುವುದಕ್ಕಿಂತ ಜಾಸ್ತಿ ಪಕ್ಕಕ್ಕೆ ದೂಡುತ್ತದೆ. ದಂಡೆಯ ಕಟ್ಟೋಣ ಗಟ್ಟಿ ಇಲ್ಲದಿದ್ದರೆ ಎಲ್ಲ ಕುಸಿಯುತ್ತದೆ. ಯುರೋಪಿನಲ್ಲಿ ಅಷ್ಟು ಹಿಂದೆ ಅಂಥ ಧೈರ್ಯ ಮಾಡಿದವರು ಕಡಿಮೆ. ಕಟ್ಟಿದ್ದು ತದ್ದೆಯೋ ಗದ್ದಿ ಅಂತ ಕೆಲವರು, ನೇರಿ ದಿ ಫಿಯೊರಾವಾಂತಿ ಅಂತ ಇನ್ನು ಕೆಲವರು. ಆ ಜಗಳ ಅವರಿಗೇ ಇರಲಿ.

ಹಾಗಂತ ಕಂಬ ಕಡಿಮೆಯಾದರೆ ಸಾಕು ಅಂತಲೂ ಅಲ್ಲ. 1333ರಲ್ಲಿ ಉಳಿದ ರುಬಕೋಂತೆಗೆ ಒಂಬತ್ತು ಕಮಾನು ಇತ್ತು. ಅಲ್ಲಿ ಹೊಳೆ ಅಗಲ, ನೀರಿಗೆ ಹರಡಲು ಜಾಗ ಇತ್ತು. ಆಮೇಲೆ ಜನ ಏನು ಮಾಡಿದರು ಗೊತ್ತಾ? ದಂಡೆಯನ್ನು ಹೊಳೆಯ ಕಡೆಗೆ ತಳ್ಳಿ ಎರಡು ಕಮಾನು ಮುಚ್ಚಿಬಿಟ್ಟರು. ಹೊಳೆಯ ಜಾಗ ನುಂಗುವುದು ಹೊಸ ಚಟ ಅಲ್ಲ ಮಾರಾಯ್ರೇ. ಆ ಸೇತುವೆಯ ಕಂಬಗಳ ಮೇಲೆ ಸಣ್ಣ ಸಣ್ಣ ಮನೆಗಳಿದ್ದವು. ಅದರಲ್ಲಿ ಸನ್ಯಾಸಿನಿಯರು ಹೊರಗೆ ಬರದೆ ಬದುಕುತ್ತಿದ್ದರು. ಅಲ್ಲೇ ಇದ್ದ ಮಾತೆ ಮರಿಯಳ ಪುಟ್ಟ ಗುಡಿಯಿಂದ ಸೇತುವೆಗೆ ಗ್ರಾತ್ಸಿಯೆ ಅಂತ ಹೆಸರು ಬಂತು.

ಕರಾಯಿಯಾ ಸೇತುವೆಯದ್ದು ಬೇರೆ ಕಥೆ. 1304ರ ಮೇ ತಿಂಗಳ ಮೊದಲ ದಿನ, ಹೊಳೆಯಲ್ಲಿ ದೋಣಿಗಳ ಮೇಲೆ ನರಕದ ಆಟ ಇಟ್ಟಿದ್ದರು. ಬೆಂಕಿ, ದೆವ್ವ, ಕಿರುಚಾಟ, ಎಲ್ಲ. ಪರಲೋಕದ ಸುದ್ದಿ ತಿಳಿಯಬೇಕಾದವರು ಬನ್ನಿ ಅಂತ ಊರಿಡೀ ಕೂಗಿಸಿದ್ದರು. ಜನ ಸೇತುವೆ ಮೇಲೆ ಕಿಕ್ಕಿರಿದರು. ಆಗ ಅದು ಮರದ ಸೇತುವೆ, ಭಾರ ತಡೆಯದೆ ಮುರಿದು ಬಿತ್ತು. ತುಂಬ ಜನ ಸತ್ತರು. ಆ ಊರಿನ ಚರಿತ್ರೆ ಬರೆದ ಜೊವಾನ್ನಿ ವಿಲ್ಲಾನಿ ಕಹಿಯಾಗಿ ಹೇಳುತ್ತಾನೆ, ಪರಲೋಕದ ಸುದ್ದಿ ಕೇಳಲು ಹೋದವರಿಗೆ ಅದು ಸಿಕ್ಕಿತು ಅಂತ. ಜಾತ್ರೆ ದಿನ ಕಾಲುಸಂಕದ ಮೇಲೆ ನಿಂತು ಸಿಡಿಮದ್ದು ನೋಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಈಗ ಅಂಗಡಿಗಳಿಗೆ ಬರೋಣ. ಪೋಂತೆ ವೆಕ್ಕಿಯೋ ಮೇಲೆ ಮೊದಲಿನಿಂದ ಚಿನ್ನದವರು ಇರಲಿಲ್ಲ. 1442ರಲ್ಲಿ ನಗರದ ಮಾಂಸದ ಅಂಗಡಿಗಳನ್ನು ಅಲ್ಲಿಗೆ ಕಳಿಸಿದರು. ಉಳಿಕೆಯನ್ನೆಲ್ಲ ಸೀದಾ ಹೊಳೆಗೆ ಎಸೆಯಬಹುದಿತ್ತು. 1565ರಲ್ಲಿ ದೊರೆ ಒಂದನೇ ಕೊಸಿಮೊ ತನ್ನ ಎರಡು ಅರಮನೆಗಳ ನಡುವೆ ಓಡಾಡಲು ಆ ಅಂಗಡಿಗಳ ಮಾಡಿನ ಮೇಲೊಂದು ಓಣಿ ಕಟ್ಟಿಸಿದ. ವಾಸ್ತುಶಿಲ್ಪಿ ವಸಾರಿ ಐದೇ ತಿಂಗಳಲ್ಲಿ ಮುಗಿಸಿದ. ಸೇತುವೆಯ ತುದಿಯಲ್ಲಿ ಮನ್ನೆಲ್ಲಿ ಮನೆತನದ ಗೋಪುರವೊಂದಿತ್ತು. ಒಡೆಯಲು ಬಿಡುವುದಿಲ್ಲ ಅಂತ ಅವರು ಕೂತುಬಿಟ್ಟರು. ದೊರೆಯ ಓಣಿ ಗೋಪುರವನ್ನು ಸುತ್ತಿ ಬಳಸಿಕೊಂಡು ಹೋಯಿತು. ಈಗಲೂ ಹಾಗೇ ಇದೆ, ನನಗೆ ಆ ಸೇತುವೆಯಲ್ಲಿ ಜಾಸ್ತಿ ಇಷ್ಟವಾದ ಜಾಗ ಅದೇ. ಓಣಿ ಬಂದ ಮೇಲೆ ಕೆಳಗಿನ ವಾಸನೆ ಅರಮನೆಯವರಿಗೆ ಸಹಿಸಲಿಲ್ಲ. 1593ರಲ್ಲಿ ಮಾಂಸದವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದರು.

ಆ ಎರಡು ಅರಮನೆಗಳಲ್ಲಿ ಒಂದು ಇದ್ದದ್ದು ಹೊಳೆಯ ಆಚೆ ದಂಡೆಯಲ್ಲಿ. ಸೇತುವೆಗಳಿಲ್ಲದಿದ್ದರೆ ಆಚೆ ದಂಡೆ ಬೇರೆಯೇ ಊರಾಗುತ್ತಿತ್ತು. ನಮ್ಮಲ್ಲಿ ಹಾಗೇ ಆಗಿತ್ತು. ಚಂದ್ರಗಿರಿಯ ತೆಂಕು ದಂಡೆಯಲ್ಲಿ ಇಕ್ಕೇರಿಯವರ ಮುರಕಲ್ಲಿನ ಕೋಟೆ, ಬಡಗು ದಂಡೆಯಲ್ಲಿ ಕಾಸರಗೋಡು ಪೇಟೆ. ಈ ಹೊಳೆ ತುಳುನಾಡಿಗೂ ಮಲಯಾಳಕ್ಕೂ ಗಡಿ, ನಾಯರ್ ಹೆಂಗಸರು ಇದನ್ನು ದಾಟುವ ಹಾಗಿಲ್ಲ ಅಂತ ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲೇ ಬರೆದಿದೆ. 1907ರಲ್ಲಿ ಮಂಗಳೂರಿಗೆ ರೈಲು ಬಂದಾಗ, ಹೊಳೆಗೆ ಕಬ್ಬಿಣದ ಸೇತುವೆ ಬಿದ್ದಿತ್ತು. ರೈಲಿಗೆ ಅಂಥ ಕಟ್ಟುಪಾಡೆಲ್ಲ ಎಲ್ಲಿ ಗೊತ್ತು?

ಸಾಂತಾ ತ್ರಿನಿತಾ ಸೇತುವೆಗೆ ಬರುತ್ತೇನೆ. 1557ರ ನೆರೆಗೆ ಅದು ಮತ್ತೊಮ್ಮೆ ಹೋಯಿತು. ಬಾರ್ತೊಲೊಮೆಯೋ ಅಮ್ಮನ್ನಾತಿ 1567ರಲ್ಲಿ ಕೆಲಸ ಹಿಡಿದ. ಅವನೂ ಮೂರೇ ಕಮಾನು ಇಟ್ಟ, ಆದರೆ ಇನ್ನೂ ನಯವಾದ ಬಾಗು. ಕಂಬಗಳ ಮೂತಿಯನ್ನು ನೀರು ಸೀಳುವ ಹಾಗೆ ಚೂಪು ಮಾಡಿದ. ಕಮಾನಿನ ನೆತ್ತಿಯಲ್ಲಿ ಎರಡು ಬಾಗು ಕೂಡುವಲ್ಲಿ ಸಣ್ಣದೊಂದು ಮೊನೆ ಇದೆ. ಅದು ಕಾಣದ ಹಾಗೆ ಮೇಲೊಂದು ಕೆತ್ತನೆ ಕೂರಿಸಿದ. ಈ ಬಾಗು ಯಾವ ಗಣಿತದ್ದು ಅಂತ ಎಂಜಿನಿಯರುಗಳು ಈಗಲೂ ಚರ್ಚೆ ಮಾಡುತ್ತಾರೆ. 1608ರಲ್ಲಿ ರಾಜಮನೆತನದ ಮದುವೆಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ಋತುಗಳ ವಿಗ್ರಹ ನಿಲ್ಲಿಸಿದರು.

ನೆರೆಗಳನ್ನೆಲ್ಲ ತಡೆದ ಆ ಸೇತುವೆಯನ್ನು 1944ರ ಆಗಸ್ಟ್ 3ರ ರಾತ್ರಿ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಸ್ಫೋಟಿಸಿತು. ಬೆಳಗಾಗುವಾಗ ಊರಲ್ಲಿ ಪೋಂತೆ ವೆಕ್ಕಿಯೋ ಒಂದೇ ಉಳಿದಿತ್ತು. ಅದನ್ನು ಹಿಟ್ಲರನೇ ಉಳಿಸಿದ ಅಂತ ಗೈಡ್‌ಗಳು ಹೇಳುತ್ತಾರೆ. ಜರ್ಮನ್ ಕಾನ್ಸಲ್ ಗೆರ್ಹಾರ್ಡ್ ವೋಲ್ಫ್ ಅದಕ್ಕಾಗಿ ಕಷ್ಟಪಟ್ಟ ಅಂತ ಸೇತುವೆಯ ಮೇಲೆ ಫಲಕವೂ ಇದೆ. ಆದರೆ ಅದರ ಎರಡೂ ತುದಿಗಳ ಹಳೆಯ ಮನೆಗಳನ್ನು ಒಡೆದು ದಾರಿ ಮುಚ್ಚಿದ್ದರು. ಸೇತುವೆ ಉಳಿಯಿತು ಅನ್ನುವವರು ಆ ಕೇರಿಗಳ ಹೆಸರೆತ್ತುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ.

ಸಾಂತಾ ತ್ರಿನಿತಾದ ಮುರಿದ ಕಂಬಗಳ ಮೇಲೆ ಬ್ರಿಟಿಷ್ ಸೈನಿಕರು ತಾತ್ಕಾಲಿಕ ಬೈಲಿ ಸೇತುವೆ, ಅಂದರೆ ಉಕ್ಕಿನ ತುಂಡುಗಳನ್ನು ಬೇಗ ಜೋಡಿಸಿ ಮಾಡುವ ಸೇತುವೆ, ಹಾಕಿದರು. ಯುದ್ಧ ಮುಗಿದ ಮೇಲೆ ದೊಡ್ಡ ಚರ್ಚೆ. ಕಾಂಕ್ರೀಟಿನಲ್ಲಿ ಹೊಸದು ಕಟ್ಟುವುದಾ, ಇದ್ದ ಹಾಗೇ ಕಲ್ಲಿನಲ್ಲಿ ಕಟ್ಟುವುದಾ? ಊರಿನವರು ಇದ್ದ ಹಾಗೇ ಬೇಕು ಅಂತ ಹಟ ಹಿಡಿದರು. ಹೊಳೆಗೆ ಬಿದ್ದ ಕಲ್ಲುಗಳನ್ನು ಹುಡುಕಿ ಮೇಲೆತ್ತಿದರು. ಸಾಲದ ಕಲ್ಲಿಗೆ ಬೋಬೊಲಿ ತೋಟದ ಹಳೆಯ ಕಲ್ಲುಕೋರೆಯನ್ನು ಮತ್ತೆ ತೆರೆದರು. ಹಳೆಯ ಫೋಟೋ, ಹಳೆಯ ಅಳತೆ ಇಟ್ಟುಕೊಂಡು ಅಮ್ಮನ್ನಾತಿಯ ಬಾಗನ್ನು ಮತ್ತೆ ಕಂಡುಕೊಂಡರು. 1958ರಲ್ಲಿ ಸೇತುವೆ ಎದ್ದು ನಿಂತಿತು. ವಸಂತ ಋತುವಿನ ವಿಗ್ರಹಕ್ಕೆ ಮಾತ್ರ ತಲೆ ಇರಲಿಲ್ಲ. ಯಾರೋ ಸೈನಿಕ ಕೊಂಡುಹೋದ ಅಂತ ಗಾಳಿಸುದ್ದಿ. ಪೆನ್ನಿನ ಕಂಪನಿಯೊಂದು ಬಹುಮಾನ ಕೂಡ ಸಾರಿತ್ತು. 1961ರಲ್ಲಿ ತಲೆ ಸಿಕ್ಕಿತು. ಎಲ್ಲಿ ಅಂತೀರಿ? ಅಲ್ಲೇ, ಆರ್ನೋದ ಕೆಸರಿನಲ್ಲಿ.

ಐದು ವರ್ಷ ಕಳೆದು 1966ರಲ್ಲಿ ಮತ್ತೆ ನೆರೆ ಬಂತು. ಅದೂ ನವೆಂಬರ್ 4ಕ್ಕೇ. ಕೆಲವು ಕೇರಿಗಳಲ್ಲಿ ನೀರು ಆರು ಮೀಟರಿಗೂ ಮೇಲೆ ಏರಿತು. ಪೋಂತೆ ವೆಕ್ಕಿಯೋಗೆ ಮರದ ದಿಮ್ಮಿಗಳು ಬಂದು ಬಡಿದವು. ನೀರು ಅಂಗಡಿಗಳ ಗೋಡೆ ಒಡೆದು ಆಚೆ ನುಗ್ಗಿತು. ಗೋಡೆ ಒಡೆದು ದಾರಿಯಾದದ್ದರಿಂದಲೇ ಕಮಾನಿನ ಮೇಲಿನ ಒತ್ತಡ ಇಳಿದು ಸೇತುವೆ ಉಳಿಯಿತು ಅಂತ ಹೇಳುವುದುಂಟು.

ಆಮೇಲೆ ಅವರು ಮಾಡಿದ ಕೆಲಸ ನನಗೆ ಮುಖ್ಯ ಅನ್ನಿಸುತ್ತದೆ. ಪೋಂತೆ ವೆಕ್ಕಿಯೋ ಮತ್ತು ಸಾಂತಾ ತ್ರಿನಿತಾ ಕೆಳಗೆ ಹೊಳೆಯ ತಳಕ್ಕೆ ಹಾಸಿದ್ದ ಕಟ್ಟೋಣವನ್ನು ಸುಮಾರು ಒಂದು ಮೀಟರ್ ತಗ್ಗಿಸಿದರು. ನೀರಿಗೆ ಅಷ್ಟು ಜಾಗ ಹೆಚ್ಚಾಯಿತು. ಆದರೆ ಸುಮ್ನೆ ಅಗೆದು ಬಿಡಲಿಲ್ಲ. ತಳ ತಗ್ಗಿದರೆ ಕಂಬದ ಬುಡ ಬಯಲಾಗುತ್ತದೆ, ಅದಕ್ಕೆ ಬುಡ ಭದ್ರ ಮಾಡಿಯೇ ತಗ್ಗಿಸಬೇಕು. ನಮ್ಮ ಹೊಳೆಗಳಲ್ಲಿ ಮರಳು ತೆಗೆದಾಗಲೂ ತಳ ತಗ್ಗುತ್ತದೆ, ಬುಡ ಭದ್ರ ಮಾಡುವವರು ಮಾತ್ರ ಯಾರೂ ಇಲ್ಲ. ಮರಳಿಗೆ ಕಡಿವಾಣ ಹಾಕಲು ಕೇರಳದಲ್ಲಿ 2001ರಲ್ಲೇ ಕಾನೂನು ಬಂದಿದೆ. ಈಗ ಹೆದ್ದಾರಿ ಅಗಲ ಆಗುತ್ತಿದೆ, ಹೊಸ ಸೇತುವೆಗಳು ಏಳುತ್ತಿವೆ. ಮೇಲಿನ ಡಾಂಬರು ಎಷ್ಟು ನುಣುಪು ಅಂತ ಎಲ್ಲರೂ ಹೇಳುತ್ತಾರೆ. ಬೇಸಿಗೆಯಲ್ಲಿ ನೀರಿಳಿದಾಗ ಒಮ್ಮೆ ದಂಡೆಗೆ ಇಳಿದು ಕಂಬದ ಬುಡ ನೋಡಿ ಬನ್ನಿ. ಫೋಟೋ ತೆಗೆದಿಡಿ. ಮುಂದಿನ ವರ್ಷ ಅಲ್ಲೇ ನಿಂತು ಇನ್ನೊಂದು ತೆಗೆಯಿರಿ, ವ್ಯತ್ಯಾಸ ಕಂಡರೆ ಪಂಚಾಯತಿಗೆ ಕೊಂಡುಹೋಗಿ ಕೊಡಿ.

ನನ್ನ ಮಾತು ಇಷ್ಟೇ. ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿಕೊಂಡು ಕೂತಿದ್ದೀರಲ್ಲ, ನೀವು ಮೊದಲು ಕೇಳಿ.