ಮೊದಲ ಒಂದು ನಿಮಿಷ: ಇತ್ತೀಚಿನ ಎಲೆಕ್ಟ್ರಾನಿಕ್ ನೃತ್ಯ ಸಂಗೀತವನ್ನು ಕುರಿತು

ಮಾನ್ಯರೇ,

ನಾನು ಯಾವ ವಾದ್ಯವನ್ನೂ ನುಡಿಸಬಲ್ಲವನಲ್ಲ, ಎರಡು ಟ್ರ್ಯಾಕ್‌ಗಳನ್ನು ಬೆಸುಗೆ ಕಾಣದಂತೆ ಕೂಡಿಸುವ ಕೈಚಳಕವೂ ನನಗಿಲ್ಲ. ಈ ಸಂಗೀತವನ್ನು ವರ್ಷಗಟ್ಟಲೆ ಕೇಳಿದ್ದೇನೆ ಎಂಬುದಷ್ಟೇ ನನ್ನ ಅರ್ಹತೆ. ಆದ್ದರಿಂದ ಇಂದು ನಾನು ಹೇಳುವುದು ಅಭಿಮಾನಿಯೊಬ್ಬನ ಅಭಿಪ್ರಾಯಗಳೇ ಹೊರತು ಪಂಡಿತರ ತೀರ್ಪಲ್ಲ.

ಒಂದು ಸಣ್ಣ ಲೆಕ್ಕದಿಂದ ಆರಂಭಿಸುತ್ತೇನೆ. ಈ ನೃತ್ಯ ಸಂಗೀತದ ಒಂದು ಬಗೆಯಾದ ಹೌಸ್ ಸಂಗೀತದ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 130 ಬೀಟ್‌ಗಳ ನಡುವೆ ಇರುತ್ತದೆ. ನಮ್ಮ ಲೆಕ್ಕಕ್ಕೆ 128 ಎಂದಿಟ್ಟುಕೊಳ್ಳೋಣ. ನಾಲ್ಕು ಬೀಟ್‌ಗಳಿಗೆ ಒಂದು ಬಾರ್. ಹಾಗಾದರೆ 32 ಬಾರ್‌ಗಳೆಂದರೆ 128 ಬೀಟ್‌ಗಳು, ಅಂದರೆ ಸರಿಯಾಗಿ ಒಂದು ನಿಮಿಷ. ಡಿಜೆಗಳ ಬಳಕೆಗೆಂದು ಮಾಡಿದ ಟ್ರ್ಯಾಕ್‌ಗಳಲ್ಲಿ ಈ ಮೊದಲ ನಿಮಿಷದಲ್ಲಿ ಎಷ್ಟೋ ಸಲ ಕಿಕ್ ಎಂಬ ದಪ್ಪ ಡ್ರಮ್ಮಿನ ಬಡಿತ ಮತ್ತು ಹೈ-ಹ್ಯಾಟ್ ಎಂಬ ತಾಳದ ತಟ್ಟೆಗಳ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ, ಏಕೆಂದರೆ ಹಿಂದಿನ ಟ್ರ್ಯಾಕ್ ಹೊರಡಲು ಮತ್ತು ಇದು ಅದರ ಜಾಗಕ್ಕೆ ಬಂದು ಕೂರಲು ಅಷ್ಟು ಅವಕಾಶ ಬೇಕು. ಸ್ಪಾಟಿಫೈನಲ್ಲಿ ಒಂದು ಹಾಡು ಒಮ್ಮೆ ಕೇಳಲಾಯಿತು ಎಂದು ಲೆಕ್ಕಕ್ಕೆ ಬರುವುದು 30 ಸೆಕೆಂಡುಗಳು ಕಳೆದ ಮೇಲೆ. ನಮ್ಮ ಲೆಕ್ಕದಲ್ಲಿ ಅದು ಹದಿನಾರನೆಯ ಬಾರ್‌ನ ಕೊನೆ. ಹಳೆಯ ಪದ್ಧತಿಯ ಟ್ರ್ಯಾಕ್ ಆಗಿನ್ನೂ ಬಾಗಿಲನ್ನೇ ತೆರೆದಿರುವುದಿಲ್ಲ. ಹಾಡುಗಳ ಪೀಠಿಕೆಗಳು ಮೊಟಕಾಗಿ, ಡ್ರಾಪ್‌ಗಳು, ಅಂದರೆ ಕಾಯಿಸಿ ಕಾಯಿಸಿ ಬೀಟ್ ಪೂರ್ತಿ ಬಲದಿಂದ ಬಂದೆರಗುವ ಗಳಿಗೆಗಳು, ಬೇಗ ಬೇಗ ಬರುತ್ತಿರುವುದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಹೊಸ ಆಲ್ಬಮ್ ಕೈಗೆ ಬಂದಾಗಲೆಲ್ಲ ನಾನು ಮೊದಲು ನೋಡುವುದು ಇದನ್ನೇ: ಇದು ನನ್ನನ್ನು ಕಾಯಿಸುತ್ತದೆಯೇ, ಕಾಯಿಸಿದ್ದಕ್ಕೆ ತಕ್ಕುದನ್ನು ಕೊಡುತ್ತದೆಯೇ?

ಕಾಯಿಸುವ ಮಾತು ಬಂದಾಗ ಬ್ರಿಟನ್ನಿನ ಸಂಗೀತಗಾರ ಜೇಮೀ ಎಕ್ಸ್‌ಎಕ್ಸ್ ಅವರನ್ನು ಬಿಡುವಂತಿಲ್ಲ. 2015ರ ‘ಇನ್ ಕಲರ್’ ಆದ ಮೇಲೆ ಅವರ ಎರಡನೆಯ ಆಲ್ಬಮ್ ‘ಇನ್ ವೇವ್ಸ್’ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಒಂಬತ್ತು ವರ್ಷ! ಮೊದಲ ಸಲ ಹೆಡ್‌ಫೋನ್‌ನಲ್ಲಿ ಕೇಳಿದಾಗ ನನಗೆ ನಿರಾಸೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹಳೆಯ ಆಲ್ಬಮ್‌ನಲ್ಲಿ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಗಾಳಿಯಾಡುತ್ತಿತ್ತು. ಇಲ್ಲಿ ಎಲ್ಲವೂ ಒತ್ತೊತ್ತಾಗಿ, ಜಂಗುಳಿಗಾಗಿಯೇ ಕಟ್ಟಿದಂತೆ ಕಂಡಿತು. ಕೆಲವು ವಾರಗಳ ಬಳಿಕ ಗೆಳೆಯರೊಬ್ಬರ ಮನೆಯಲ್ಲಿ ಅದನ್ನೇ ದೊಡ್ಡ ಸ್ಪೀಕರ್‌ಗಳಲ್ಲಿ ಕೇಳಿದೆ. ‘ವೇಟೆಡ್ ಆಲ್ ನೈಟ್’ನಲ್ಲಿ ರೋಮಿ ಮತ್ತು ಆಲಿವರ್ ಸಿಮ್, ಅಂದರೆ ಜೇಮೀ ಅವರ ‘ದಿ ಎಕ್ಸ್‌ಎಕ್ಸ್’ ಬ್ಯಾಂಡಿನ ಜೊತೆಗಾರರಿಬ್ಬರೂ, ಹಾಡುವಾಗ ಕೆಳಗಿನ ಬೇಸ್ ಹೆಡ್‌ಫೋನ್‌ನಲ್ಲಿದ್ದಂತೆ ಕಿವಿಯಲ್ಲಿರಲಿಲ್ಲ, ನೆಲದಲ್ಲಿತ್ತು. ಜಾಗ ಇಲ್ಲವೆಂದು ನಾನು ದೂರಿದ್ದೆನಲ್ಲ, ಅದು ಸ್ವರಗಳ ನಡುವಿನಿಂದ ಸ್ವರಗಳ ಕೆಳಕ್ಕೆ ಹೋಗಿತ್ತು, ಅಷ್ಟೆ. ಆ ಆಲ್ಬಮ್‌ನ ಬಗ್ಗೆ ನಾನು ಮೊದಲು ಆಡಿದ್ದ ಮಾತುಗಳನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ. ಆದರೂ ‘ಇನ್ ಕಲರ್’ ಒಂದು ಮೆಟ್ಟಿಲು ಮೇಲೆಯೇ ಎಂಬ ಹಟವನ್ನು ಇನ್ನೂ ಬಿಟ್ಟಿಲ್ಲ.

ಇದಕ್ಕೆ ತೀರ ಎದುರು ದಿಕ್ಕಿನಲ್ಲಿರುವುದು ಅಮೆರಿಕದ ಡಿಜೆ ಸ್ಕ್ರಿಲೆಕ್ಸ್ ಅವರು 2025ರ ಏಪ್ರಿಲ್ 1ರಂದು ಹೊರತಂದ ಆಲ್ಬಮ್. ಅದರ ಹೆಸರು ಉದ್ದವಾದದ್ದು. ಅದರ ಮೊದಲ ಶಬ್ದವನ್ನು ಸಭೆಯಲ್ಲಿ ಉಚ್ಚರಿಸುವಂತಿಲ್ಲವಾದ್ದರಿಂದ ಹೆಸರು ಹೇಳದೆ ಮುಂದೆ ಹೋಗುತ್ತೇನೆ. 34 ಟ್ರ್ಯಾಕ್‌ಗಳು, ಒಟ್ಟು ಸುಮಾರು 46 ನಿಮಿಷ. ಭಾಗಿಸಿ ನೋಡಿದರೆ ಟ್ರ್ಯಾಕ್ ಒಂದಕ್ಕೆ ಸರಾಸರಿ 81 ಸೆಕೆಂಡುಗಳು ಸಿಗುತ್ತವೆ. ನನ್ನ ಅಳತೆಗೋಲಿನಲ್ಲಿ ಇದು ಪೂರ್ತಿ ನಪಾಸಾಗಬೇಕಿತ್ತು. ಡ್ರಾಪ್‌ನತ್ತ ಏರಿಸುತ್ತಾ ಹೋಗುವ ಬಿಲ್ಡಪ್ ಶುರುವಾಯಿತೆನ್ನುವಷ್ಟರಲ್ಲಿ ಡ್ರಾಪ್, ಡ್ರಾಪ್‌ಗೆ ಮೈ ಒಗ್ಗಿತೆನ್ನುವಷ್ಟರಲ್ಲಿ ನಡುವೆ ಬಾಯಿ ಹಾಕುವ ಉದ್ಘೋಷಕನ ದನಿ, ಮರುಗಳಿಗೆ ಇನ್ನೊಂದೇ ಟ್ರ್ಯಾಕ್. ಆದರೆ ನಡುವೆ ಎಲ್ಲಿಯೂ ನಿಲ್ಲಿಸದೆ ಒಂದೇ ಬೈಠಕ್ಕಿನಲ್ಲಿ ಕೇಳಿದಾಗ ಬೇರೊಂದು ಸಂಗತಿ ಹೊಳೆಯುತ್ತದೆ. ಇವು 34 ಹಾಡುಗಳಲ್ಲ. ಡಿಜೆಯೊಬ್ಬರ 46 ನಿಮಿಷಗಳ ಒಂದೇ ಸೆಟ್. ಒಂದೊಂದು ತುಣುಕನ್ನೂ ಅರ್ಧಕ್ಕೇ ಕಿತ್ತುಕೊಳ್ಳುವುದರಿಂದಲೇ ಮುಂದಿನದರ ಹಸಿವು ಹುಟ್ಟುತ್ತದೆ. ಅವರು ತಮ್ಮ ಹಳೆಯ ಡಬ್‌ಸ್ಟೆಪ್ ಎಂಬ ಭಾರಿ ಬೇಸ್‌ನ ಶೈಲಿಯ ಗರ್ಜನೆಗೆ ಮರಳಿದ್ದಾರೆ, ಅದೂ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾ. 2023ರ ಫೆಬ್ರವರಿಯಲ್ಲಿ ಒಂದು ದಿನದ ಅಂತರದಲ್ಲಿ ಅವರು ತಂದ ಎರಡು ಆಲ್ಬಮ್‌ಗಳಲ್ಲಿ ಗಣ್ಯ ಅತಿಥಿಗಳ ದಂಡೇ ಇತ್ತು. ನನಗೆ ಅವೆರಡಕ್ಕಿಂತ ಈ ಪುಂಡಾಟವೇ ಹೆಚ್ಚು ಹಿಡಿಸಿತು. ಒಂದೇ ತಕರಾರು: ಇದರಿಂದ ಒಂದು ಟ್ರ್ಯಾಕನ್ನು ಬೇರ್ಪಡಿಸಿ ಯಾರಿಗಾದರೂ ಕೇಳಿಸಲು ಹೋದರೆ ಕಿತ್ತ ಗಿಡದಂತೆ ಬಾಡಿಬಿಡುತ್ತದೆ.

ಬ್ರಿಟನ್ನಿನವರೇ ಆದ ಫ್ರೆಡ್ ಅಗೇನ್ ಅವರ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಹಲವರಿಗೆ ರುಚಿಸಲಾರದು. 2021 ಮತ್ತು 2022ರಲ್ಲಿ ಬಂದ ‘ಆ್ಯಕ್ಚುಅಲ್ ಲೈಫ್’ನ ಮೂರು ಭಾಗಗಳಲ್ಲಿ ಗೆಳೆಯರ ಧ್ವನಿಸಂದೇಶಗಳು, ಯಾರೋ ಫೋನಿನಲ್ಲಿ ಹಿಡಿದ ವಿಡಿಯೊದ ಒಂದು ಸಾಲು, ಇಂಥವೇ ಹಾಡಿನ ಬೀಜಗಳಾಗಿದ್ದವು. ಆಡುಮಾತಿನ ಏರಿಳಿತವನ್ನೇ ರಾಗವಾಗಿ ಬೆಳೆಸಿದ ಆ ಕಸುಬು ದೊಡ್ಡದು. ಮೂರನೆಯ ಭಾಗಕ್ಕೆ 2024ರಲ್ಲಿ ಗ್ರ್ಯಾಮಿ ಬಂದದ್ದು ನ್ಯಾಯವೇ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ‘ಟೆನ್ ಡೇಸ್’ನಲ್ಲಿ ಹತ್ತು ದಿನಗಳಿಗೆ ಹತ್ತು ಹಾಡುಗಳಿವೆ, ಅವುಗಳ ನಡುವೆ ಕಿರು ವಿರಾಮಗಳೂ ಇವೆ. ವಿರಾಮಗಳು ಮುಂದಿನದಕ್ಕೆ ಮನಸ್ಸನ್ನು ಅಣಿಗೊಳಿಸಬೇಕು. ಇಲ್ಲಿ ಅವು ಡೈರಿಯ ಖಾಲಿ ಪುಟಗಳಂತಿವೆ, ತಿರುವಿಹಾಕುತ್ತೇವೆ ಅಷ್ಟೆ. ಅಮೆರಿಕದ ಕಂಟ್ರಿ ಸಂಗೀತದಲ್ಲಿ ಪಳಗಿದ ಎಮಿಲೂ ಹ್ಯಾರಿಸ್ ಅವರ ದನಿಯನ್ನು ತಂದಿರುವ ಹಾಡೊಂದು ಇದಕ್ಕೆ ಅಪವಾದ. ಸವೆದ, ನಡುಗುವ ಆ ದನಿಯ ಕೆಳಗೆ ಬೀಟ್ ತಗ್ಗಿ ನಡೆಯುತ್ತದೆ. ಹಿರಿಯರ ಜೊತೆ ಹೆಜ್ಜೆ ಹಾಕುವವರು ತಮ್ಮ ನಡಿಗೆಯನ್ನು ನಿಧಾನ ಮಾಡಿಕೊಳ್ಳುವಂತೆ.

ಫ್ರಾನ್ಸಿನ ಜಸ್ಟಿಸ್ ಜೋಡಿ ಎಂಟು ವರ್ಷಗಳ ಬಳಿಕ, 2024ರ ಏಪ್ರಿಲ್‌ನಲ್ಲಿ, ‘ಹೈಪರ್‌ಡ್ರಾಮಾ’ ತಂದಿತು. ಆಸ್ಟ್ರೇಲಿಯಾದ ಟೇಮ್ ಇಂಪಾಲಾ ಜೊತೆಗಿನ ‘ನೆವರೆಂಡರ್’ಗೆ 2025ರಲ್ಲಿ ಗ್ರ್ಯಾಮಿ ಸಿಕ್ಕಿತು, ಎಲ್ಲರ ಬಾಯಲ್ಲೂ ಅದೇ. ನನ್ನ ಒಲವು ‘ಜನರೇಟರ್’ ಕಡೆಗೆ. ಗರಗಸದಂಥ ಹಾರ್ಡ್‌ಕೋರ್ ಟೆಕ್ನೊ ಸಿಂಥ್ (ವಿದ್ಯುನ್ಮಾನ ಸ್ವರವಾದ್ಯ) ಕೊಯ್ಯುತ್ತಿರುವಾಗಲೇ ನುಣುಪಾದ ಡಿಸ್ಕೊ ತಂತಿಗಳು ನುಗ್ಗುತ್ತವೆ. ಎರಡನ್ನೂ ಅರೆದು ಒಂದು ಪಾಕ ಮಾಡುವ ಗೋಜಿಗೆ ಇವರು ಹೋಗುವುದಿಲ್ಲ. ಪಕ್ಕಪಕ್ಕದಲ್ಲಿಟ್ಟು ಜಗಳವಾಡಲು ಬಿಡುತ್ತಾರೆ.

2024ರಲ್ಲೇ ಕ್ಯಾರಿಬೂ ಹೆಸರಿನಲ್ಲಿ ಕೆನಡಾದ ಡ್ಯಾನ್ ಸ್ನೇತ್ ತಂದ ‘ಹನಿ’ಯ ಬಗ್ಗೆ ಒಂದೇ ಮಾತು ಹೇಳಿ ಮುಂದುವರಿಯುತ್ತೇನೆ. ಅವರು ಕೃತಕ ಬುದ್ಧಿಮತ್ತೆಯ ನೆರವಿನಿಂದ ತಮ್ಮದೇ ದನಿಯನ್ನು ಬೇರೆಯವರ ದನಿಯಂತೆ ಮಾರ್ಪಡಿಸಿಕೊಂಡಿದ್ದಾರೆ. ಅದು ತಪ್ಪೋ ಸರಿಯೋ ಎಂಬ ವಾದ ಹಾಗಿರಲಿ. ಅವರ ಹಳೆಯ ಆಲ್ಬಮ್‌ಗಳಲ್ಲಿ ನಾನು ಹುಡುಕಿಕೊಂಡು ಹೋಗುತ್ತಿದ್ದದ್ದು ಆ ಅಳುಕಿನ, ತುಸು ಮುಜುಗರದ ಸ್ವಂತ ದನಿಯನ್ನೇ; ಅದು ಇಲ್ಲಿ ಸಿಗಲಿಲ್ಲ.

ಕೊನೆಗೆ ಬ್ರಿಟನ್ನಿನ ಇನ್ನೊಬ್ಬ ಸಂಗೀತಗಾರ ಫೋರ್ ಟೆಟ್. 2024ರ ಮಾರ್ಚ್‌ನಲ್ಲಿ ಬಂದ ‘ತ್ರೀ’ ಆಲ್ಬಮ್‌ನಲ್ಲಿ ಎಂಟೇ ಟ್ರ್ಯಾಕ್‌ಗಳಿವೆ, ಕೊನೆಯದು ‘ತ್ರೀ ಡ್ರಮ್ಸ್’. ಎಂಟು ನಿಮಿಷ ಮೀರಿದ ಈ ಟ್ರ್ಯಾಕಿನಲ್ಲಿ ಡ್ರಾಪ್ ಎಂಬುದೇ ಇಲ್ಲ. ಯಾರೋ ಕೋಣೆಯಲ್ಲಿ ಕೂತು ಬಾರಿಸುತ್ತಿರುವಂತಿರುವ ಡ್ರಮ್ ಒಂದೇ ಸಮನೆ ನಡೆಯುತ್ತದೆ, ಅದರ ಮೇಲೆ ಸಿಂಥ್‌ನ ಪದರಗಳು ಮಂಜಿನಂತೆ ಸೇರುತ್ತಾ ಹೋಗುತ್ತವೆ. ಯಾವ ಬಾರ್‌ನಲ್ಲಿ ಅದು ದಟ್ಟವಾಯಿತೆಂದು ಗುರುತಿಸಲು ಹಲವು ಸಲ ಬೆರಳೆಣಿಸುತ್ತಾ ಕೂತಿದ್ದೇನೆ. ಪ್ರತಿ ಸಲವೂ ನಡುವೆ ಎಲ್ಲೋ ಎಣಿಕೆ ತಪ್ಪಿದೆ. ಈಗ ಅದನ್ನೇ ಹಾಕಿಸುತ್ತೇನೆ. ದಯವಿಟ್ಟು ಹಿಂದಿನ ಸಾಲಿನವರು ಬಾಗಿಲು ಮುಚ್ಚಿ. ಮೊದಲ ಒಂದು ನಿಮಿಷ ಯಾರೂ ಮಾತನಾಡಬೇಡಿ.