ಸಾಕಿದ ಗಿಣಿ ಯಾವತ್ತು ಹ್ಞೂಂ ಅಂದಿತ್ತು?

[ಪರದೆ ಮೇಲೆ: ಹಳೇ ಟೇಪ್ ರೆಕಾರ್ಡರ್, ಒಳಗೆ ತಿರುಗ್ತಿರೋ ಕ್ಯಾಸೆಟ್]

ನಮಸ್ಕಾರ. ನಮ್ಮ ಸೋದರಮಾವನ ಮನೇಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಹಾಡುಗಳ ಒಂದು ಕ್ಯಾಸೆಟ್ ಇತ್ತು. ಅದರಲ್ಲಿ ‘ನೀನೇ ಸಾಕಿದಾ ಗಿಣಿ’ ಬಂತು ಅಂದ್ರೆ ಮಾವ ಕಣ್ಣೊರೆಸಿಕೊಳ್ಳೋರು. “ಪಾಪ ಡಾಕ್ಟ್ರು. ಅವಳ ಹುಚ್ಚು ಬಿಡಿಸಿ ತಾನೇ ಹುಚ್ಚನಾದ” ಅನ್ನೋರು. ಒಂದು ಸಂಜೆ ಅತ್ತೆ ಹಜಾರದಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸ್ತಾ ಇದ್ರು. ತಲೆ ಎತ್ತದೇನೇ ಕೇಳಿದ್ರು: “ಅಲ್ಲಾ ರೀ, ಆ ಹುಡುಗಿ ಅವನಿಗೆ ಯಾವತ್ತು ಹ್ಞೂಂ ಅಂದಿದ್ಲು?” ಮಾವ ಮಾತಾಡಲಿಲ್ಲ. ಎದ್ದು ಹೋಗಿ ಕ್ಯಾಸೆಟ್ ಮಗುಚಿ ಹಾಕಿದ್ರು.

ವಯಸ್ಸಿನಲ್ಲಿ ತುಂಬಾ ಅಂತರ ಇರೋ ಪ್ರೇಮ ಸಿನಿಮಾದಲ್ಲಿ ಬಂದಾಗೆಲ್ಲ ನನಗೆ ಅತ್ತೆಯ ಆ ಮಾತು ನೆನಪಾಗುತ್ತೆ. ಪರದೆ ಮೇಲಿನ ಅಂಥ ಜೋಡಿಗಳ ನಡುವೆ ನಿಜವಾಗಲೂ ಮನಸ್ಸು ಮನಸ್ಸು ಕೂಡುತ್ತಾ? ಇಲ್ಲಾ, ಒಬ್ಬರ ಒಂಟಿತನವನ್ನೇ ನಾವು ಇಬ್ಬರ ಪ್ರೀತಿ ಅಂದುಕೊಂಡು ಬರ್ತೀವಾ? ಇವತ್ತು ಅದನ್ನ ನೋಡೋಣ.

ಮೊದಲು ‘ಮಾನಸ ಸರೋವರ’. 1982ರ ಚಿತ್ರ. ಮನೋವೈದ್ಯ ಆನಂದ್ ಆಗಿ ಶ್ರೀನಾಥ್, ಆನಂದ್ ಹತ್ತಿರ ಚಿಕಿತ್ಸೆಗೆ ಬಂದ ವಾಸಂತಿಯಾಗಿ ಪದ್ಮಾ ವಾಸಂತಿ. ಮಧ್ಯವಯಸ್ಸಿನ ಡಾಕ್ಟರ್ ಆ ಹುಡುಗಿಯನ್ನ ತಾಯಿ ಮಗುವನ್ನ ನೋಡ್ಕೊಂಡ ಹಾಗೆ ನೋಡ್ಕೊಂಡು ಗುಣ ಮಾಡ್ತಾರೆ, ಗುಣ ಮಾಡ್ತಾ ಮಾಡ್ತಾ ಅವಳನ್ನ ಪ್ರೀತಿಸ್ತಾರೆ. ಅವಳ ಮನಸ್ಸು ಹೋಗೋದು ತನ್ನ ಓರಗೆಯ ಸಂತೋಷ್ ಕಡೆಗೆ. ಆ ಪಾತ್ರ ಮಾಡಿದ್ದು ರಾಮಕೃಷ್ಣ. ಕೊನೆಗೆ ಬುದ್ಧಿ ಕಳಕೊಂಡ ಡಾಕ್ಟರ್ ಬಾಯಲ್ಲಿ ಈ ಹಾಡು. ವಿಜಯಭಾಸ್ಕರ್ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಗಂಟಲು. ಎದೆ ಕಿವುಚಿ ಬರುತ್ತೆ, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಹಾಡಿನ ಎರಡನೇ ಪದವನ್ನೇ ಗಮನಿಸಿ. ‘ಸಾಕಿದ.’ ಸಾಕೋದು ಅಂದ್ರೆ ಏನು? ಹಸು ಸಾಕ್ತೀವಿ, ನಾಯಿ ಸಾಕ್ತೀವಿ, ಮಕ್ಕಳನ್ನ ಸಾಕ್ತೀವಿ. ಸಾಕೋನ ಕೈಯಲ್ಲಿ ಕಾಳಿದೆ, ಗಿಣಿ ಆ ಕೈ ನೋಡ್ಕೊಂಡೇ ಬದುಕಬೇಕು. ಹಾಗಿದ್ದಾಗ ಗಿಣಿ ಹತ್ತಿರ ಬಂದು ಭುಜದ ಮೇಲೆ ಕೂತ್ರೆ ಅದು ಒಲವೋ, ಹಸಿವೋ, ಋಣವೋ? ಸಾಕಿದವನಿಗೆ ಗೊತ್ತಾಗೋದಿಲ್ಲ. ಗಿಣಿಗೂ ಗೊತ್ತಾಗದೇ ಇರಬಹುದು.

ಇದು ಬರೀ ಕವಿತೆಯ ಮಾತಲ್ಲ. ಮನೋವಿಶ್ಲೇಷಣೆ ಹುಟ್ಟುಹಾಕಿದ ವೈದ್ಯ ಫ್ರಾಯ್ಡ್ 1915ರಲ್ಲೇ ಇದರ ಬಗ್ಗೆ ಒಂದು ಪ್ರಬಂಧ ಬರೆದ. ರೋಗಿಗೆ ವೈದ್ಯನ ಮೇಲೆ ಹುಟ್ಟೋ ಪ್ರೇಮ ಚಿಕಿತ್ಸೆಯ ಸಂದರ್ಭದಿಂದ ಹುಟ್ಟಿದ್ದು, ವೈದ್ಯ ಅದನ್ನ ತನ್ನ ಗೆಲುವು ಅಂದ್ಕೋಬಾರದು ಅಂತ ಎಚ್ಚರಿಸಿದ. ನಮ್ಮ ದೇಶದ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೂ, ವೃತ್ತಿಯ ಸ್ಥಾನವನ್ನ ದುರುಪಯೋಗ ಮಾಡ್ಕೊಂಡು ರೋಗಿಯ ಜೊತೆ ಅನುಚಿತವಾಗಿ ನಡ್ಕೊಳ್ಳೋದು ದುರ್ನಡತೆ ಅಂತಲೇ ಇದೆ. ವಾಸಂತಿ ವಿಷಯದಲ್ಲಂತೂ ಆ ಕಡೆಯಿಂದ ಪ್ರೇಮವೇ ಇರಲಿಲ್ಲ. ಇದ್ದದ್ದು ಕೃತಜ್ಞತೆ. ಪುಟ್ಟಣ್ಣ ಅದನ್ನ ಮುಚ್ಚಿಡಲಿಲ್ಲ, ಅದು ಅವರ ದೊಡ್ಡತನ. ಹಾಡು ಗಿಣಿಯನ್ನ ಹದ್ದು ಅಂತ ಬೈಯುತ್ತೆ ನಿಜ, ಆದ್ರೆ ಬೈತಿರೋನು ಸ್ವಾಧೀನ ತಪ್ಪಿದ ಮನುಷ್ಯ. ಆ ಬೈಗುಳವನ್ನ ಸತ್ಯ ಅಂತ ಎತ್ಕೊಂಡು ನಾಲ್ಕು ದಶಕ ವಾಸಂತಿಯನ್ನ ಕೃತಘ್ನಳು ಅಂದೋರು ನಾವು, ಪ್ರೇಕ್ಷಕರು.

[ಪರದೆ ಮೇಲೆ: ಮಂಜು ಕವಿದ ಬೆಟ್ಟ]

ಇನ್ನೊಂದು ಬಗೆಯ ಅಂತರ ಇದೆ, ಅದು ಕಣ್ಣಿಗೇ ಬೀಳೋದಿಲ್ಲ. 1982ರದ್ದೇ ‘ಹೊಸ ಬೆಳಕು’ ತಗೊಳ್ಳಿ. ಅಣ್ಣಾವ್ರಿಗೆ ಆಗ 53, ಸರಿತಾಗೆ 22. ಕಥೆಗೆ ಆ ಅಂತರ ಗೊತ್ತೇ ಇಲ್ಲ. ಇಬ್ಬರೂ ಒಂದೇ ಹರೆಯದವರು ಅಂತ ನಾವೂ ಒಪ್ಪಿಕೊಂಡು ಕೂತ್ವಿ. ಅಂಥ ಚಿತ್ರಗಳಿಗೆ ಇವತ್ತಿನ ಪ್ರಶ್ನೆ ಹಾಕೋದ್ರಲ್ಲಿ ಅರ್ಥ ಇಲ್ಲ. ಆದ್ರೆ ನಾಯಕಿಗೆ 53, ನಾಯಕನಿಗೆ 22 ಆಗಿದ್ರೆ ನಾವು ಅಷ್ಟು ಸುಲಭವಾಗಿ ಒಪ್ತಿದ್ವಾ? ಅವಳಿಗೆ ತಾಯಿ ಪಾತ್ರ ಸಿಗೋದು.

ಅದಕ್ಕೇ 1973ರ ‘ಎಡಕಲ್ಲು ಗುಡ್ಡದ ಮೇಲೆ’ ನನಗೆ ಇಷ್ಟು ಮುಖ್ಯ. ಭಾರತೀಸುತರ ಕಾದಂಬರಿ, ಪುಟ್ಟಣ್ಣನವರದೇ ನಿರ್ದೇಶನ. ಯುದ್ಧದಲ್ಲಿ ಗಾಯಗೊಂಡ ಗಂಡನಿಂದ ದಾಂಪತ್ಯದ ಸುಖ ಸಿಗದ ಮಾಧವಿಯಾಗಿ ಜಯಂತಿ. ಅವಳಿಗಿಂತ ಎಳೆಯ ನಂಜುಂಡನಾಗಿ ಚಂದ್ರಶೇಖರ್. ಆ ಪಾತ್ರ ಅವರಿಗೆ ಎಷ್ಟು ಅಂಟಿಕೊಂಡಿತು ಅಂದ್ರೆ, ಜೀವನಪೂರ್ತಿ ‘ಎಡಕಲ್ಲು ಗುಡ್ಡದ ಚಂದ್ರಶೇಖರ್’ ಅಂತಲೇ ಕರೆಸಿಕೊಂಡ್ರು. ಐವತ್ತು ವರ್ಷದ ಹಿಂದೆ, ಮದುವೆಯಾದ ಹೆಣ್ಣಿಗೂ ಮೈ ಇದೆ, ಬಯಕೆ ಇದೆ ಅಂತ ಎಂ. ರಂಗರಾವ್ ಸಂಗೀತದ ಒಂದು ಇಡೀ ವಿರಹದ ಹಾಡಲ್ಲಿ ಹೇಳಿಸಿದ ಧೈರ್ಯ ಅದು. ಅವಳ ಹಸಿವು ನಿಜ, ಸಂಕಟ ನಿಜ. ಜಯಂತಿಯವರ ಕಣ್ಣು ನೋಡಿದ್ರೆ ಸಾಕು.

ಆದ್ರೆ ನಂಜುಂಡ? ಅವನ ಒಳಗೆ ಏನು ನಡೀತಿದೆ ಅನ್ನೋದು ಮಾಧವಿಯ ಒಳಗಿನಷ್ಟು ನನಗೆ ಕಾಣಿಸಲಿಲ್ಲ. ಅವಳ ಒಂಟಿತನ ನಮಗೆ ಅಷ್ಟು ಹತ್ತಿರದಿಂದ ಸಿಕ್ಕಿತು, ಇಬ್ಬರ ನಂಟು ಸಿಗಲಿಲ್ಲ. ಚಿತ್ರ ಕೊನೆಗೆ ಮಾಧವಿಯನ್ನ ಸಾವಿಗೆ ಕಳಿಸುತ್ತೆ. ಆ ಸಾವು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ಬಯಸಿದ ತಪ್ಪಿಗೆ ಅಷ್ಟು ದೊಡ್ಡ ದಂಡ ಯಾಕೆ?

[ಪರದೆ ಮೇಲೆ: ತಟ್ಟೆಯಲ್ಲಿ ಕೇಸರಿ ಹಾಕಿದ ಪುಲಾವ್]

ಹಾಗಾದ್ರೆ ನಂಟು ಕಾಣಿಸೋ ಚಿತ್ರ ಯಾವುದು? ನಾನು ಹಿಂದಿಯ ‘ಚೀನಿ ಕಮ್’ ಹೆಸರು ಹೇಳ್ತೀನಿ. 2007ರದ್ದು, ಆರ್. ಬಾಲ್ಕಿ ನಿರ್ದೇಶನ. ಲಂಡನ್ನಿನಲ್ಲಿ ಹೋಟೆಲ್ ಇಟ್ಟಿರೋ 64 ವರ್ಷದ ಬಾಣಸಿಗನಾಗಿ ಅಮಿತಾಭ್, 34ರ ನೀನಾ ಆಗಿ ಟಬು. ಇವರ ಪರಿಚಯ ಶುರುವಾಗೋದೇ ಜಗಳದಿಂದ. ಅವಳು ಪುಲಾವ್ ಸರಿಯಿಲ್ಲ ಅಂತ ವಾಪಸ್ ಕಳಿಸ್ತಾಳೆ. ಅವನು ಅಡುಗೆಮನೆಯಿಂದ ಬಂದು ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾನೆ. ಅವಳು ತಾನೇ ಮಾಡಿದ ಪುಲಾವ್ ಕಳಿಸಿಕೊಡ್ತಾಳೆ. ತಿಂದು ನೋಡಿದ್ರೆ, ತಪ್ಪು ಅವನ ಅಡುಗೆಮನೆಯದ್ದೇ! ಇಲ್ಲಿ ಯಾರೂ ಯಾರನ್ನೂ ಸಾಕ್ತಿಲ್ಲ. ನಿನ್ನ ಅಡುಗೆ ಚೆನ್ನಾಗಿಲ್ಲ ಅನ್ನೋಕೆ ಅವಳಿಗೆ ಭಯ ಇಲ್ಲ, ಅಂದಿದ್ದಕ್ಕೆ ಅವಳು ಏನನ್ನೂ ಕಳ್ಕೊಳ್ಳೋದಿಲ್ಲ.

ಇನ್ನೊಂದು ದೃಶ್ಯ. ಇಬ್ಬರೂ ಹೊರಗಡೆ ಇದ್ದಾರೆ. ದೂರದಲ್ಲಿರೋ ಒಂದು ಮರ ತೋರಿಸಿ, ಅಲ್ಲಿವರೆಗೂ ಓಡಿ ಹೋಗಿ ಬಾ ಅಂತಾಳೆ. ಯಾಕೆ ಅಂತ ಗೊಣಗ್ತಾನೆ, ಆಮೇಲೆ ಓಡ್ತಾನೆ. ಅವನ ಮೈಯಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ಅವಳು ಪರೀಕ್ಷೆ ಮಾಡ್ತಿದ್ದಾಳೆ. ಆ ಏದುಸಿರಲ್ಲಿ 64 ಅನ್ನೋ ಸಂಖ್ಯೆ ನಮಗೆ ಕೇಳಿಸುತ್ತೆ. ಇಷ್ಟು ದಿನ ಬೇರೆ ಸಿನಿಮಾಗಳು ಮೇಕಪ್ ಹಚ್ಚಿ ಮುಚ್ಚಿಟ್ಟಿದ್ದನ್ನ ಈ ಹುಡುಗಿ ಹಗಲು ಹೊತ್ತಲ್ಲಿ ಓಡಿಸಿ ನೋಡ್ತಾಳೆ. ಇವನ ಜೊತೆ ನನಗೆ ಎಷ್ಟು ವರ್ಷ ಸಿಗುತ್ತೆ ಅಂತ ಕೇಳ್ಕೊಂಡು, ಲೆಕ್ಕ ಹಾಕಿ, ಆಮೇಲೂ ಅವನೇ ಬೇಕು ಅಂತಾಳೆ. ಅತ್ತೆ ಕೇಳಿದ ಹ್ಞೂಂ ಇದೇ.

(ಒಂದು ಮಾತು ಮಧ್ಯೆ ಹೇಳಿಬಿಡ್ತೀನಿ. ಈ ಚಿತ್ರದ ‘ಜಾನೇ ದೋ ನಾ’ ಕೇಳ್ತಿದ್ದಾಗ ನಿಮಗೆ ಏನೋ ನೆನಪಾಗಿರಬೇಕು. ಅದು 1981ರ ನಮ್ಮ ಶಂಕರ್ ನಾಗ್ ಅವರ ‘ಗೀತಾ’ದ ‘ಜೊತೆಯಲಿ ಜೊತೆಜೊತೆಯಲಿ’ ಧಾಟಿ, ಇಳಯರಾಜ ಅವರದೇ. 2019ರಲ್ಲಿ ಜೀ ಕನ್ನಡದಲ್ಲಿ ಶುರುವಾದ, ದೊಡ್ಡ ವಯಸ್ಸಿನ ಶ್ರೀಮಂತ ಮತ್ತು ಚಿಕ್ಕ ಹುಡುಗಿಯ ಪ್ರೇಮದ ಧಾರಾವಾಹಿಯ ಹೆಸರೂ ‘ಜೊತೆಜೊತೆಯಲಿ’. ಓರಗೆಯ ಪ್ರೇಮಿಗಳ ಹಾಡು ಎರಡು ಸಲ ಇಂಥ ಜೋಡಿಗಳ ಕಥೆಗೇ ಬಂದು ಸೇರಿಕೊಂಡಿದೆ!)

‘ಚೀನಿ ಕಮ್’ ಕೂಡ ಕೊನೆವರೆಗೂ ಆ ಮಟ್ಟದಲ್ಲಿ ನಿಲ್ಲೋದಿಲ್ಲ. ಕಥೆ ದೆಹಲಿಗೆ ಬರುತ್ತೆ. ಹುಡುಗಿಯ ಅಪ್ಪ ಪರೇಶ್ ರಾವಲ್, ವಯಸ್ಸು 58. ಅಳಿಯ ಮಾವನಿಗಿಂತ ಆರು ವರ್ಷ ದೊಡ್ಡೋನು. ಅಪ್ಪ ಉಪವಾಸ ಕೂರ್ತಾನೆ. ಅಲ್ಲಿಂದ ಮುಂದೆ ಹೆಚ್ಚಾಗಿ ಮಾತಾಡೋದು ಇಬ್ಬರು ಗಂಡಸರು. ಪುಲಾವ್ ವಾಪಸ್ ಕಳಿಸಿದ್ದ ಆ ನೀನಾ, ಮರದವರೆಗೂ ಓಡಿಸಿದ್ದ ಆ ನೀನಾ, ತನ್ನ ಮದುವೆಯ ವಿಷಯ ಬಂದಾಗ ಮನೆಯ ಒಂದು ಮೂಲೆಗೆ ಸರಿದುಬಿಡ್ತಾಳೆ.

ಕಳೆದ ತಿಂಗಳು ಅತ್ತೆಗೆ ಈ ಸಿನಿಮಾ ತೋರಿಸಿದೆ. ಓಡೋ ದೃಶ್ಯ ಬಂದಾಗ ಜೋರಾಗಿ ನಕ್ರು. ಅಪ್ಪ ಉಪವಾಸ ಕೂತಾಗ ಅವರ ನಗು ನಿಂತಿತ್ತು. “ಅವಳನ್ನ ಕೂಡಿಸಿ ಕೇಳ್ರೋ” ಅಂದ್ರು ಟೀವಿ ಕಡೆ ನೋಡ್ಕೊಂಡು.