ಬಟ್ಟೆ ಹೊದಿಸಿದ ಕಾಫಿ ಫಿಲ್ಟರ್: ನಿಮ್ಮ ವಿನ್ಯಾಸಕ್ಕೆ ಹೊರದೇಶದಲ್ಲಿ ಹಕ್ಕು ಪಡೆಯುವುದು ಹೇಗೆ?

[ದೃಶ್ಯ: ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆಯ ಕಚೇರಿ. ಮೇಜಿನ ಮೇಲೆ ಎರಡು ವಸ್ತುಗಳು. ಒಂದು ಸ್ಟೀಲ್ ಕಾಫಿ ಫಿಲ್ಟರ್. ಇನ್ನೊಂದಕ್ಕೆ ಬಿಳಿ ಬಟ್ಟೆ ಹೊದಿಸಿದೆ.]

ನಿರೂಪಣೆ:
ನಮಸ್ಕಾರ. ಹಿಂದೆ ಕೇಳಿಸುತ್ತಿರುವುದು ಪ್ರೆಸ್ ಯಂತ್ರದ ಸದ್ದು. ಕೆಲಸದ ದಿನ ಅದನ್ನು ನಿಲ್ಲಿಸಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಸಹಿಸಿಕೊಳ್ಳಿ.

ಈ ಫಿಲ್ಟರ್ ನೋಡಿ. ಮೇಲಿನ ಪಾತ್ರೆ ನಿಮ್ಮ ಮನೆಯದರಂತೆಯೇ ಇದೆ. ಕೆಳಗಿನದು ಮಾತ್ರ ಬುಗುರಿಯ ಹಾಗೆ ಕಿರಿದಾಗುತ್ತಾ ಬಂದು ಒಂದು ಪುಟ್ಟ ಬಳೆಯ ಮೇಲೆ ನಿಂತಿದೆ. ಡಿಕಾಕ್ಷನ್ ರುಚಿಯೇನೂ ಬದಲಾಗುವುದಿಲ್ಲ. ಆದರೆ ನೋಡಿದವರು ಕೈಗೆತ್ತಿಕೊಳ್ಳದೆ ಇರುವುದಿಲ್ಲ. ಇದನ್ನು ಮಾಡಿದವರು ಹೆಸರು ಹೇಳಬೇಡಿ ಎಂದಿದ್ದಾರೆ. ಯಜಮಾನರು ಎಂದು ಕರೆಯೋಣ.

ಒಂದು ಮಾರ್ಚ್ ತಿಂಗಳಲ್ಲಿ ಈ ಫಿಲ್ಟರಿನ ರೀಲ್ಸ್ ಹೊರಬಂತು. ಅಮೆರಿಕದಿಂದ, ಜರ್ಮನಿಯಿಂದ ವಿಚಾರಣೆಗಳು ಬಂದವು. ಯಜಮಾನರು ಜುಲೈನಲ್ಲಿ ವಿನ್ಯಾಸ ನೋಂದಣಿಗೆ ಹೊರಟರು. ಕಾಗದಪತ್ರ ನೋಡಿದ ಏಜೆಂಟರು ಕೇಳಿದ ಮೊದಲ ಪ್ರಶ್ನೆ: "ಇದನ್ನು ಹೊರಗೆ ಯಾರಿಗಾದರೂ ತೋರಿಸಿದ್ದೀರಾ?"

ಆ ರೀಲ್ಸ್ ಚಿತ್ರೀಕರಿಸಿದ್ದು ನಾನೇ. ಆದ್ದರಿಂದ ಈ ವಿಡಿಯೋವನ್ನು ಅರ್ಧ ಮಾಹಿತಿ, ಅರ್ಧ ಪ್ರಾಯಶ್ಚಿತ್ತ ಎಂದುಕೊಳ್ಳಿ.

[ದೃಶ್ಯ: ಫಿಲ್ಟರಿನ ಹತ್ತಿರದ ಚಿತ್ರ. ಹೊರರೇಖೆ ನಿಧಾನವಾಗಿ ಬೆಳಗುತ್ತದೆ.]

ನಿರೂಪಣೆ:
ಮೊದಲು ಗೊಂದಲ ಬಿಡಿಸೋಣ. ಡಿಕಾಕ್ಷನ್ ಬೇಗ ಇಳಿಯುವ ಹೊಸ ಉಪಾಯ ಕಂಡುಹಿಡಿದಿದ್ದರೆ ಅದು ಪೇಟೆಂಟಿನ ವಿಷಯ. ಡಬ್ಬಿಯ ಮೇಲಿನ ಹೆಸರು ಟ್ರೇಡ್‌ಮಾರ್ಕಿನ ವಿಷಯ. ಕಣ್ಣಿಗೆ ಕಾಣುವ ಆಕಾರ, ರೇಖೆ, ನಕ್ಷೆ, ಅಲಂಕಾರ ಇವು ಕೈಗಾರಿಕಾ ವಿನ್ಯಾಸ. ನಮ್ಮಲ್ಲಿ ಇದಕ್ಕೆ 2000ನೇ ಇಸವಿಯ ವಿನ್ಯಾಸ ಕಾಯ್ದೆ ಇದೆ. ಅರ್ಜಿ ಪರಿಶೀಲಿಸುವ ವಿಭಾಗ ಕೋಲ್ಕತ್ತದಲ್ಲಿದೆ. ಹಕ್ಕು ಸಿಗುವುದು 10 ವರ್ಷಕ್ಕೆ, ಶುಲ್ಕ ಕಟ್ಟಿದರೆ ಇನ್ನೂ 5 ವರ್ಷ. ವ್ಯಕ್ತಿಗಳಿಗೆ, ನವೋದ್ಯಮಗಳಿಗೆ, ಸಣ್ಣ ಉದ್ದಿಮೆಗಳಿಗೆ ಅರ್ಜಿ ಶುಲ್ಕ 1,000 ರೂಪಾಯಿ. ರೀಲ್ಸ್‌ಗೆ ನಾನು ಪಡೆದದ್ದು ಅದಕ್ಕಿಂತ ಹೆಚ್ಚು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಚನ್ನಪಟ್ಟಣದ ಗೊಂಬೆ ಮಾಡುವವರೊಬ್ಬರು "ನಮಗೆ ಭೌಗೋಳಿಕ ಸೂಚಕ ಇದೆಯಲ್ಲ, ಸಾಲದೇ?" ಎಂದು ಕೇಳಿದ್ದರು. ಆ ಸೂಚಕ ಕಾಯುವುದು ಚನ್ನಪಟ್ಟಣ ಎಂಬ ಹೆಸರನ್ನು. ನಿಮ್ಮ ಹೊಸ ಗೊಂಬೆಯ ಆಕಾರವನ್ನಲ್ಲ.

ಇನ್ನು ಮುಖ್ಯ ಸಂಗತಿ. ವಿನ್ಯಾಸದ ಹಕ್ಕು ಗಡಿ ದಾಟುವುದಿಲ್ಲ. ಕೋಲ್ಕತ್ತದ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಜರ್ಮನಿಯ ಮಳಿಗೆಯಲ್ಲಿ ತೂಗುಹಾಕಿದರೂ ಅಲ್ಲಿ ಅದು ಗೋಡೆಯ ಅಲಂಕಾರ ಅಷ್ಟೇ. ಯಾವ ದೇಶದಲ್ಲಿ ನಕಲು ತಡೆಯಬೇಕೋ ಆ ದೇಶದಲ್ಲೇ ಹಕ್ಕು ಪಡೆಯಬೇಕು.

[ದೃಶ್ಯ: ಭೂಪಟ. ಭಾರತ, ಚೀನಾ, ಐರೋಪ್ಯ ಒಕ್ಕೂಟ, ಅಮೆರಿಕ ಒಂದೊಂದಾಗಿ ಬೆಳಗುತ್ತವೆ.]

ನಿರೂಪಣೆ:
ಈಗ ಆ ರೀಲ್ಸ್‌ಗೆ ಬರುತ್ತೇನೆ. ಅದೇ 40 ಸೆಕೆಂಡಿನ ವಿಡಿಯೋ ನಾಲ್ಕು ಕಡೆ ನಾಲ್ಕು ಕತೆಯಾಯಿತು.

ಭಾರತದಲ್ಲಿ: ಅರ್ಜಿಗೆ ಮೊದಲೇ ವಿನ್ಯಾಸವನ್ನು ಜಗತ್ತಿನ ಯಾವ ಮೂಲೆಯಲ್ಲಿ ಬಹಿರಂಗಪಡಿಸಿದ್ದರೂ ಅದು ಹೊಸದಲ್ಲ. ಮೊದಲೇ ಸೂಚನೆ ಕೊಟ್ಟು ಭಾಗವಹಿಸುವ ಕೆಲವು ವಸ್ತುಪ್ರದರ್ಶನಗಳಂಥ ಕಿರಿದಾದ ವಿನಾಯಿತಿಗಳಿವೆ. ರೀಲ್ಸ್ ಆ ಪಟ್ಟಿಯಲ್ಲಿಲ್ಲ. ಪರೀಕ್ಷಕರ ಕಣ್ಣಿಗೆ ಬೀಳದೆ ನೋಂದಣಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ನಾಳೆ ನಕಲುಗಾರ ಅದೇ ವಿಡಿಯೋ ಹಿಡಿದುಕೊಂಡು ಬಂದು ರದ್ದು ಮಾಡಿಸಬಹುದು.

ಚೀನಾದಲ್ಲಿ: ಅಲ್ಲಿಯೂ ಬಾಗಿಲು ಮುಚ್ಚಿದಂತೆಯೇ. ಸ್ವಂತ ಪ್ರಚಾರಕ್ಕೆ ಕ್ಷಮೆಯಿಲ್ಲ.

ಐರೋಪ್ಯ ಒಕ್ಕೂಟದಲ್ಲಿ: ನೀವೇ ಬಹಿರಂಗಪಡಿಸಿದ್ದರೆ 12 ತಿಂಗಳ ವಿನಾಯಿತಿ ಇದೆ. ಅಮೆರಿಕದಲ್ಲಿಯೂ ಒಂದು ವರ್ಷ.

ಅಂದರೆ ತವರಿನಲ್ಲಿ ಸತ್ತ ಹಕ್ಕು ಅಮೆರಿಕದಲ್ಲಿ ಉಸಿರಾಡುತ್ತಿರುತ್ತದೆ! ಯಜಮಾನರಿಗೆ ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಫಿಲ್ಟರನ್ನೇ ನೋಡುತ್ತಾ ಕೂತರು. ಆಮೇಲೆ ನನ್ನನ್ನು ನೋಡಿದರು.

ಆ ಒಂದು ವರ್ಷದ ವಿನಾಯಿತಿಯನ್ನು ನಂಬಿ ಕಾಲಹರಣ ಮಾಡುವವರು ಕ್ರಾಕ್ಸ್ ಚಪ್ಪಲಿಯ ಕತೆ ಕೇಳಬೇಕು. ರಂಧ್ರಗಳಿರುವ ಆ ದಪ್ಪ ಚಪ್ಪಲಿಯನ್ನು ಫ್ಲಾರಿಡಾದ ದೋಣಿ ಪ್ರದರ್ಶನದಲ್ಲಿ, ಕಂಪನಿಯ ಜಾಲತಾಣದಲ್ಲಿ ಮೊದಲೇ ತೋರಿಸಲಾಗಿತ್ತು. 12 ತಿಂಗಳ ಗಡುವು ಮೀರಿತ್ತು. ಅಮೆರಿಕದಲ್ಲಿ ನಡೆದದ್ದು ಯುರೋಪಿನವರಿಗೆ ಗೊತ್ತಾಗುವಂತಿರಲಿಲ್ಲ ಎಂಬ ವಾದ ನಿಲ್ಲಲಿಲ್ಲ. 2018ರಲ್ಲಿ ಐರೋಪ್ಯ ಒಕ್ಕೂಟದ ಜನರಲ್ ಕೋರ್ಟ್ ಚಪ್ಪಲಿಯ ಐರೋಪ್ಯ ನೋಂದಣಿ ಅಸಿಂಧು ಎಂಬ ನಿರ್ಧಾರವನ್ನು ಎತ್ತಿಹಿಡಿಯಿತು.

ನಮ್ಮವರದೇ ಒಂದು ಉದಾಹರಣೆ ಬೇಕೆ? ಟಾಟಾ ಸಮೂಹದ ಜಾಗ್ವಾರ್ ಲ್ಯಾಂಡ್ ರೋವರ್. ಇವರ ಇವೋಕ್ ಕಾರಿನಂತೆಯೇ ಕಾಣುವ ಲ್ಯಾಂಡ್‌ವಿಂಡ್ ಎಕ್ಸ್7 ಚೀನಾದಲ್ಲಿ ರಸ್ತೆಗಿಳಿಯಿತು. ಆದರೆ ಇವೋಕ್ ಅನ್ನು 2010ರ ಕೊನೆಯಲ್ಲಿ ಚೀನಾದ ಗುವಾಂಗ್‌ಝೌ ಮೋಟಾರು ಮೇಳದಲ್ಲೇ ನಿಲ್ಲಿಸಿದ್ದರು. ವಿನ್ಯಾಸದ ಅರ್ಜಿ ಹಾಕಿದ್ದು 2011ರ ಕೊನೆಯಲ್ಲಿ. 2016ರಲ್ಲಿ ಚೀನಾದ ಅಧಿಕಾರಿಗಳು ಇಬ್ಬರ ವಿನ್ಯಾಸದ ಹಕ್ಕನ್ನೂ ರದ್ದು ಮಾಡಿದರು. 2019ರಲ್ಲಿ ಬೀಜಿಂಗ್‌ನ ಒಂದು ನ್ಯಾಯಾಲಯ ಲ್ಯಾಂಡ್‌ವಿಂಡ್ ಮಾರಾಟ ನಿಲ್ಲಿಸುವಂತೆ ಹೇಳಿತು ನಿಜ. ಅದು ಅನುಚಿತ ಸ್ಪರ್ಧೆಯ ಕಾನೂನಿನಡಿ, ವರ್ಷಗಟ್ಟಲೆ ಹೋರಾಡಿದ ಮೇಲೆ. ಅಷ್ಟು ಕಾಲ ವಕೀಲರನ್ನು ಸಾಕುವ ಶಕ್ತಿ ಪೀಣ್ಯದ ಈ ಶೆಡ್ಡಿಗೆಲ್ಲಿದೆ?

[ದೃಶ್ಯ: ಗೋಡೆಯ ಕ್ಯಾಲೆಂಡರ್. ಆರು ಹಾಳೆಗಳು ಒಂದೊಂದಾಗಿ ಹಾರುತ್ತವೆ.]

ನಿರೂಪಣೆ:
ಸರಿಯಾದ ದಾರಿ ಹೀಗಿದೆ. ಯಾರಿಗೂ ತೋರಿಸುವ ಮೊದಲು ಭಾರತದಲ್ಲಿ ಅರ್ಜಿ ಹಾಕಿ. ಆ ದಿನದಿಂದ ನಿಮಗೆ 6 ತಿಂಗಳು ಸಿಗುತ್ತವೆ. 1883ರ ಪ್ಯಾರಿಸ್ ಒಪ್ಪಂದಕ್ಕೆ ಭಾರತ ಸೇರಿದ್ದು 1998ರಲ್ಲಿ. ಅದರ ಪ್ರಕಾರ ಈ ಅವಧಿಯೊಳಗೆ ಬೇರೆ ಸದಸ್ಯ ದೇಶದಲ್ಲಿ ಹಾಕಿದ ಅರ್ಜಿಗೂ ಭಾರತದ ದಿನಾಂಕವೇ ಲೆಕ್ಕ. ಇದನ್ನು ಆದ್ಯತಾ ದಿನಾಂಕ ಎನ್ನುತ್ತಾರೆ. ಪೇಟೆಂಟಿಗೆ 12 ತಿಂಗಳು ಇರುವುದರಿಂದ ಬಹಳ ಜನ ಇಲ್ಲಿಯೂ ಒಂದು ವರ್ಷ ಇದೆ ಎಂದುಕೊಂಡು ಏಳನೆಯ ತಿಂಗಳಲ್ಲಿ ಎಚ್ಚೆತ್ತುಕೊಳ್ಳುತ್ತಾರೆ.

ಒಂದೇ ಅರ್ಜಿಯಲ್ಲಿ ಹಲವು ದೇಶಗಳಿಗೆ ಹೋಗುವ ದಾರಿಯೂ ಜಗತ್ತಿನಲ್ಲಿದೆ. ಅದು ಹೇಗ್ ವ್ಯವಸ್ಥೆ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಅದನ್ನು ನಡೆಸುತ್ತದೆ; ಒಂದೇ ವರ್ಗದ 100 ವಿನ್ಯಾಸಗಳನ್ನು ಒಂದು ಅರ್ಜಿಯಲ್ಲಿ ಸೇರಿಸಬಹುದು. ಅಮೆರಿಕ, ಜಪಾನ್ 2015ರಲ್ಲಿ ಸೇರಿದವು, ಚೀನಾ 2022ರಲ್ಲಿ. ಭಾರತ ಸೇರಿಲ್ಲ. ಸದಸ್ಯ ದೇಶವೊಂದರಲ್ಲಿ ನಿಮಗೆ ನಿಜವಾದ ವ್ಯಾಪಾರ ಘಟಕ ಅಥವಾ ವಾಸ ಇದ್ದರೆ ಮಾತ್ರ ಆ ಬಾಗಿಲು ತೆರೆಯುತ್ತದೆ. ಅಂಚೆ ವಿಳಾಸವೊಂದು ಸಾಲದು. ಉಳಿದವರು ದೇಶ ದೇಶಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು.

ಬೇರೆ ಬೇರೆ ಅರ್ಜಿ ಎಂದರೆ ಬೇರೆ ಬೇರೆ ಖರ್ಚು. ಹಾಗಾಗಿ ದೇಶ ಆರಿಸುವಾಗ ಜಿಪುಣರಾಗಿ. ನನ್ನ ಲೆಕ್ಕ ಇಷ್ಟೇ: ನಿಮ್ಮ ಗಿರಾಕಿ ಎಲ್ಲಿದ್ದಾನೆ, ನಿಮ್ಮ ನಕಲುಗಾರನ ಅಚ್ಚು ಎಲ್ಲಿ ತಯಾರಾಗುತ್ತದೆ?

ಗಿರಾಕಿಗಳು ಯುರೋಪಿನಲ್ಲಿದ್ದರೆ ಸ್ಪೇನಿನ ಅಲಿಕಾಂಟೆಯಲ್ಲಿರುವ ಕಚೇರಿಗೆ ಒಂದು ಅರ್ಜಿ. ಒಕ್ಕೂಟದ 27 ದೇಶಗಳಿಗೂ ಅದೇ ಸಾಕು. ಒಂದು ವಿನ್ಯಾಸಕ್ಕೆ ಕಚೇರಿಯ ಶುಲ್ಕ 350 ಯೂರೋ, ಏಜೆಂಟರದು ಬೇರೆ. ಐದೈದು ವರ್ಷಕ್ಕೆ ನವೀಕರಿಸುತ್ತಾ 25 ವರ್ಷ ಉಳಿಸಿಕೊಳ್ಳಬಹುದು. ಅಲ್ಲಿ ಹೊಸತನವನ್ನು ಮೊದಲೇ ಪರೀಕ್ಷಿಸುವುದಿಲ್ಲ. ನೋಂದಣಿ ಬೇಗ ಸಿಗುತ್ತದೆ, ಪರೀಕ್ಷೆ ನಡೆಯುವುದು ಜಗಳವಾದಾಗ. ಬ್ರಿಟನ್ 2021ರಿಂದ ಇದರಿಂದ ಹೊರಗಿದೆ, ಅಲ್ಲಿಗೆ ಪ್ರತ್ಯೇಕ ಅರ್ಜಿ. ಅಮೆರಿಕದಲ್ಲಿ ಇದರ ಹೆಸರೇ ಡಿಸೈನ್ ಪೇಟೆಂಟ್. ಹೊಸತನವನ್ನು ಪರೀಕ್ಷಿಸಿಯೇ ಕೊಡುತ್ತಾರೆ, ಕಾಯಬೇಕು. ಕೊಟ್ಟ ದಿನದಿಂದ 15 ವರ್ಷ, ನಡುವೆ ನವೀಕರಣ ಶುಲ್ಕವಿಲ್ಲ. ಚೀನಾದಲ್ಲಿಯೂ ಈಗ 15 ವರ್ಷ, ಆದರೆ ಅಲ್ಲಿನ ಏಜೆನ್ಸಿಯ ಮೂಲಕವೇ ಹೋಗಬೇಕು. ಚೀನಾದಲ್ಲಿ ಮಾರದವರಿಗೆ ಅದೇಕೆ ಎನ್ನಬೇಡಿ. ನಕಲು ಅಲ್ಲಿಂದ ಹಡಗೇರುವ ಮೊದಲೇ ತಡೆಯುವುದು ಹತ್ತು ಬಂದರುಗಳಲ್ಲಿ ಕಾಯುವುದಕ್ಕಿಂತ ಅಗ್ಗ.

[ದೃಶ್ಯ: ಎರಡು ಚಿತ್ರಗಳು ಅಕ್ಕಪಕ್ಕ. ಒಂದು ಫಿಲ್ಟರಿನ ರೇಖಾಚಿತ್ರ, ಇನ್ನೊಂದು ನೆರಳು ಬೆಳಕಿರುವ ಕಂಪ್ಯೂಟರ್ ಚಿತ್ರ.]

ನಿರೂಪಣೆ:
ಇನ್ನೊಂದು ವಿಷಯದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ವಿನ್ಯಾಸದ ಅರ್ಜಿಯಲ್ಲಿ ಮಾತಿಗಿಂತ ಚಿತ್ರಕ್ಕೆ ಬೆಲೆ. ನೀವು ಏನು ಬರೆದು ಕೊಟ್ಟಿರೋ ಅದಕ್ಕಲ್ಲ, ಏನು ಬಿಡಿಸಿ ಕೊಟ್ಟಿರೋ ಅದಕ್ಕೆ ಹಕ್ಕು.

ಬ್ರಿಟನ್ನಿನಲ್ಲಿ ಟ್ರಂಕಿ ಎಂಬ ಮಕ್ಕಳ ಸೂಟ್‌ಕೇಸ್ ಇದೆ. ಮಗು ಅದರ ಮೇಲೆ ಕುಳಿತು ಸವಾರಿ ಮಾಡಬಹುದು, ತಲೆಯ ಕಡೆ ಕೊಂಬುಗಳಿವೆ. ಅದೇ ಬಗೆಯ ಇನ್ನೊಂದು ಸೂಟ್‌ಕೇಸ್ ಬಂದಾಗ ಮೊಕದ್ದಮೆ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2016ರಲ್ಲಿ ಟ್ರಂಕಿ ಸೋತಿತು. ನೋಂದಣಿಗೆ ಕೊಟ್ಟಿದ್ದು ಸರಳ ರೇಖಾಚಿತ್ರವಲ್ಲ, ಬೂದು ಬಣ್ಣದ ಛಾಯೆಗಳಿದ್ದ ಕಂಪ್ಯೂಟರ್ ಚಿತ್ರಗಳು. ಚಕ್ರ, ಪಟ್ಟಿಗಳು ದೇಹಕ್ಕಿಂತ ಗಾಢವಾಗಿದ್ದವು. ಹಾಗಾದರೆ ಆ ಬಣ್ಣಭೇದವೂ ವಿನ್ಯಾಸದ ಭಾಗವೇ ಎಂದಿತು ನ್ಯಾಯಾಲಯ. ಎದುರಾಳಿಯದು ಮೈತುಂಬ ಚಿತ್ತಾರವಿದ್ದ ಹುಲಿ, ಮೀಸೆ ಹೊತ್ತ ಕೀಟ. ಕೊಂಬಿನ ಪ್ರಾಣಿಯ ಭಾವ ಅವುಗಳಲ್ಲಿರಲಿಲ್ಲ. ಸವಾರಿ ಮಾಡುವ ಪೆಟ್ಟಿಗೆ ಎಂಬ ಕಲ್ಪನೆ ಎಷ್ಟೇ ಜಾಣತನದ್ದಾದರೂ ಈ ಹಕ್ಕು ಕಲ್ಪನೆಗೆ ಸಿಗುವುದಿಲ್ಲ.

ಆಕಾರವೇ ನಿಮ್ಮ ಬಂಡವಾಳವಾಗಿದ್ದರೆ ಬರೀ ರೇಖೆಯಲ್ಲಿ ಬಿಡಿಸಿ. ಹೊಳಪು, ನೆರಳು, ಅಂಟಿಸಿದ ಚೀಟಿ, ಹಿನ್ನೆಲೆಯ ಪರದೆ ಎಲ್ಲವನ್ನೂ ತೆಗೆಯಿರಿ. ಅಮೆರಿಕ, ಯುರೋಪಿನಲ್ಲಿ ನಿಮಗೆ ಹಕ್ಕು ಬೇಡದ ಭಾಗವನ್ನು ಚುಕ್ಕೆಗೆರೆಯಲ್ಲಿ ತೋರಿಸಿ, ಬುಗುರಿಯಂಥ ತಳಕ್ಕೆ ಮಾತ್ರ ಹಕ್ಕು ಕೇಳಬಹುದು. ನಮ್ಮ ಕಾಯ್ದೆ ಬಿಡಿಯಾಗಿ ತಯಾರಿಸಿ ಮಾರಬಲ್ಲ ಭಾಗವನ್ನಷ್ಟೇ ವಸ್ತುವೆಂದು ಒಪ್ಪುತ್ತದೆ. ಆದ್ದರಿಂದ ಭಾರತದ ಅರ್ಜಿಗೆ ಚಿತ್ರ ಬಿಡಿಸುವ ದಿನವೇ ಹೊರದೇಶದ ಅರ್ಜಿಯೂ ತಲೆಯಲ್ಲಿರಬೇಕು. ಇಲ್ಲಿ ತೋರಿಸದ ಕೋನಕ್ಕೆ ಅಲ್ಲಿ ಇದೇ ದಿನಾಂಕ ಕೇಳಲಾಗುವುದಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ನಿಮ್ಮ ಫಿಲ್ಟರ್ ಬೇರೆಯವರ ನೋಂದಣಿಯ ಮೇಲೆ ಕಾಲಿಟ್ಟಿರಬಹುದು. ಜರ್ಮನಿಯ ವಾಣಿಜ್ಯ ಮೇಳಗಳಲ್ಲಿ ನ್ಯಾಯಾಲಯದ ತಡೆಯಾಜ್ಞೆ ಮಳಿಗೆಗೇ ಬಂದು ತಲುಪುವುದುಂಟು. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಮಳಿಗೆ ಹಾಕಿದಷ್ಟು ನಿರಾಳವಾಗಿ ಅಲ್ಲಿಗೆ ಹೋಗಬೇಡಿ. ಐರೋಪ್ಯ ಕಚೇರಿ ನಡೆಸುವ ಡಿಸೈನ್‌ವ್ಯೂ ಎಂಬ ಉಚಿತ ಹುಡುಕಾಟದ ತಾಣದಲ್ಲಿ ಒಂದು ಸಂಜೆ ಕಳೆಯಿರಿ.

[ದೃಶ್ಯ: ಕ್ಯಾಮೆರಾ ಬಟ್ಟೆ ಹೊದಿಸಿದ ವಸ್ತುವಿನ ಕಡೆ ತಿರುಗುತ್ತದೆ.]

ನಿರೂಪಣೆ:
ಯಜಮಾನರ ಹಳೆಯ ಫಿಲ್ಟರಿಗೆ ವರ್ಷ ತುಂಬುವ ಮುನ್ನ ಅಮೆರಿಕ ಮತ್ತು ಐರೋಪ್ಯ ಅರ್ಜಿಗಳು ಹೋದವು. ಭಾರತ, ಚೀನಾದ ಆಸೆ ಬಿಟ್ಟರು. ಈ ಬಟ್ಟೆಯ ಕೆಳಗಿರುವುದು ಅದರ ತಮ್ಮ, ಹೊಸ ಮಾದರಿ. ಇದರ ಮೇಲೂ ಒಂದು ರೀಲ್ಸ್ ಮಾಡೋಣ ಎಂದು ನಾನೇ ಕೇಳಿದೆ.

[ದೃಶ್ಯ: ನಿರೂಪಕರ ಕೈ ಬಟ್ಟೆಯ ಅಂಚಿನತ್ತ ಚಾಚುತ್ತದೆ. ಚೌಕಟ್ಟಿನ ಹೊರಗಿನಿಂದ ಇನ್ನೊಂದು ಕೈ ಬಂದು ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ.]

ಯಜಮಾನರ ಧ್ವನಿ:
ಗುರುವಾರ ಅರ್ಜಿ ಹಾಕುತ್ತೇವೆ. ಶುಕ್ರವಾರ ಬನ್ನಿ, ಕಾಫಿಯನ್ನೂ ಕೊಡುತ್ತೇನೆ.